ಕುಸುಬಿ ಎಣ್ಣೆ ಕುಡಿದ ಗರಗಸ

ಕುಸುಬಿ ಎಣ್ಣೆಯ ಜಿಗುಟು ಒಮ್ಮೆ ಬೆರಳಿಗೆ ಹತ್ತಿತೆಂದರೆ ಸೋಪಿಗೂ ಜಗ್ಗುವುದಿಲ್ಲ. ತಾಜಾ ಎಣ್ಣೆಯ ಬಗ್ಗೆ ನನ್ನ ತಕರಾರಿಲ್ಲ, ಅದು ಬಲು ಸಭ್ಯ. ಡಬ್ಬಿಯ ಹೊರಮೈಮೇಲೆ ಇಳಿದು, ತಿಂಗಳುಗಟ್ಟಲೆ ಗಾಳಿ ಕುಡಿಯುತ್ತ ಕೂತು ಹಳದಿ ಅಂಟಾಗುತ್ತದಲ್ಲ, ನಾನು ಹೇಳುತ್ತಿರುವುದು ಅದರ ಮಾತು. ಮೊನ್ನೆ ಬೆಟಗೇರಿಯ ನಮ್ಮ ಮನೆಯಲ್ಲಿ ಮೇಲಿನ ಹಲಗೆಯಿಂದ ಹಳೆಯ ಎಣ್ಣೆಡಬ್ಬಿ ಇಳಿಸಲು ಹೋಗಿ ಕೈತುಂಬ ಅದನ್ನು ಬಳಿದುಕೊಂಡೆ. ಸೋಪಾಯಿತು, ಸೀಗೆಪುಡಿಯಾಯಿತು, ಕೊನೆಗೆ ಪಾತ್ರೆ ತಿಕ್ಕುವ ತಂತಿಯೂ ಆಯಿತು. ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತು, "ನಿಮ್ಮ ಮಷಿನ್ನಿಗೆ ಆಗಿದ್ದ ನಿಮ್ಮ ಕೈಗೂ ಆತು ನೋಡ್ರಿ" ಎಂದಳು. ಆ ಮಷಿನ್ನಿನ ಕತೆಯನ್ನು ನಮ್ಮ ಮನೆಯಲ್ಲಿ ಬಂದವರ ಮುಂದೆಲ್ಲ ಹೇಳುವ ರೂಢಿಯಿದೆ. ಅವಳು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನನ್ನ ಬಾಯಿಂದಲೇ ಕೇಳಿಬಿಡಿ.

ಮಷಿನ್ ಎಂದರೆ ಮರ ಕೊಯ್ಯುವ ಚೈನ್ ಸಾ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ಮನುಷ್ಯನಿಗೆ ಅದೇಕೆ ಎಂದು ನೀವು ಕೇಳಬಹುದು. ಗಿರಿಜಾ ಈಗಲೂ ಕೇಳುತ್ತಾಳೆ. ಆಯುಷ್ಯವಿಡೀ ಪೆನ್ಸಿಲು, ಕುಂಚ, ರಬ್ಬರುಗಳಂಥ ಹಗುರ ಸಾಮಾನು ಹಿಡಿದವನಿಗೆ ತೂಕದ್ದೊಂದು, ಓಣಿಗೆಲ್ಲ ಕೇಳುವಂಥದ್ದೊಂದು ಹಿಡಿಯುವ ಆಸೆ ಬರುವುದು ಸಹಜ. ಗದಗಿನ ಅಂಗಡಿಯೊಂದರಿಂದ ಕೊಂಡುತಂದು ಹಿತ್ತಲ ನುಗ್ಗೆಯ ಮೇಲೆ ಮೊದಲ ಪ್ರಯೋಗ ಮಾಡಿದೆ. ನುಗ್ಗೆಯ ಟೊಂಗೆ ಕೈಯಿಂದಲೂ ಮುರಿಯುತ್ತದೆ ಎಂದು ಗಿರಿಜಾ ನೆನಪಿಸಿದಳು. ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ.

ಈ ಯಂತ್ರಕ್ಕೆ ಎರಡು ಹೊಟ್ಟೆ. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಎಣ್ಣೆ. ಮುಂದೆ ಚಾಚಿಕೊಂಡ ಉದ್ದನೆಯ ಪಟ್ಟಿಯ ಅಂಚಿನಲ್ಲಿ ಹಲ್ಲಿನ ಸರಪಳಿ ಓಡುತ್ತದೆ, ಓಡುವಾಗ ಎಣ್ಣೆ ಹನಿಹನಿಯಾಗಿ ಪಟ್ಟಿಗೂ ಸರಪಳಿಗೂ ಇಳಿಯುತ್ತಿರಬೇಕು. ಇಳಿಯದಿದ್ದರೆ ಎರಡೂ ಕಾದು ಹೊಗೆಯಾಡುತ್ತವೆ. ಅಂಗಡಿಯವನು ಜೊತೆಗೆ ಕೊಟ್ಟ ಎಣ್ಣೆ ಮುಗಿದಾಗ ನಾನು ಮಾಡಿದ್ದು ನಮ್ಮ ಸೀಮೆಯವರು ಮಾತ್ರ ಮಾಡಬಹುದಾದ ಕೆಲಸ. ಅಡಿಗೆಮನೆಗೆ ಹೋಗಿ ಗಾಣದ ಕುಸುಬಿ ಎಣ್ಣೆ ತಂದು ಅದರ ಹೊಟ್ಟೆ ತುಂಬಿಸಿದೆ.

ನಗುವ ಮೊದಲು ನಮ್ಮ ಅವ್ವನ ರಾಜ್ಯಭಾರ ಹೇಗಿತ್ತೆಂದು ಸ್ವಲ್ಪ ಕೇಳಿ. ಕೊರ್ಲಹಳ್ಳಿಯ ನಮ್ಮ ಮನೆಯಲ್ಲಿ ಕುಸುಬಿ ಎಣ್ಣೆ ಸಲ್ಲದ ಜಾಗವೇ ಇರಲಿಲ್ಲ. ಪಲ್ಯಕ್ಕೆ ಅದೇ, ದೇವರ ದೀಪಕ್ಕೆ ಅದೇ, ಚಟ್ನಿಪುಡಿಯ ಮೇಲಿನ ಧಾರೆಗೆ ಅದೇ. ಕಿವಿ ನೋವಿಗೆ ಬೆಳ್ಳುಳ್ಳಿ ಹಾಕಿ ಕಾಸಿದ ಎರಡು ಹನಿ, ಕಿರುಗುಟ್ಟುವ ಬಾಗಿಲಿಗೆ ಕೋಳಿಪುಕ್ಕದಲ್ಲಿ ಅದ್ದಿದ ಎರಡು ಹನಿ. ನಾನು ಪರೀಕ್ಷೆಯಲ್ಲಿ ನಪಾಸಾದ ವರ್ಷವೂ ಅವ್ವ ಮೊದಲು ಮಾಡಿದ ಕೆಲಸ ನನ್ನ ನೆತ್ತಿಗೆ ಅಂಗೈತುಂಬ ಕುಸುಬಿ ಎಣ್ಣೆ ಬಡಿದದ್ದು. "ತಲಿ ಒಣಗೇತಿ ಇದರದು" ಎಂದಿದ್ದಳು. ಗೋಡೆಯ ಮಾಡದಲ್ಲಿ ಇಟ್ಟಿರುತ್ತಿದ್ದ ಹಿತ್ತಾಳೆಯ ಎಣ್ಣೆಗಿಂಡಿಯ ಮೈಗೆ ಹಳದಿ ಪೊರೆ ಕಟ್ಟುತ್ತಿತ್ತು. ಅಮಾವಾಸ್ಯೆಗೊಮ್ಮೆ ಅವ್ವ ಬೂದಿ ಮತ್ತು ಹುಣಸೆಹಣ್ಣು ಹಾಕಿ ಅದನ್ನು ತಿಕ್ಕುತ್ತ ಕೂತರೆ ಮಧ್ಯಾಹ್ನ ಕಳೆಯುತ್ತಿತ್ತು. ನಾನು ಉಗುರಿನಿಂದ ಆ ಪೊರೆ ಕೆರೆದು, ಗೋಲಿ ಮಾಡಿ, ಗೋಡೆಗೆ ಅಂಟಿಸಿ ಬೈಸಿಕೊಳ್ಳುತ್ತಿದ್ದೆ.

ಅವ್ವನ ಈ ರಾಜ್ಯಕ್ಕೆ ಸೇರದ ಒಂದೇ ಒಂದು ಸ್ವತಂತ್ರ ಸಂಸ್ಥಾನವೆಂದರೆ ಅಪ್ಪನ ಬಂಡಿ. ಅದರ ಅಚ್ಚಿಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಬಂಡಿಯ ಕೆಳಗೆ ಬಿದಿರಿನ ಕೊಳವೆ ನೇತಾಡುತ್ತಿತ್ತು. ಅದರೊಳಗೆ ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕರೀ ಕೀಲೆಣ್ಣೆ, ಅದರಲ್ಲೊಂದು ಕಡ್ಡಿ. ಮುಂಡರಗಿ ಸಂತೆಗೆ ಹೋಗುವಾಗ ದಾರಿಯಲ್ಲಿ ಗಾಲಿ ಚೀರಿದರೆ ಅಪ್ಪ ಇಳಿದು, "ತಡೀರಿ, ಇದಕ್ಕೂ ನೀರಡಿಕ್ಯಾಗೇತಿ" ಎಂದು ಕೀಲಿಗೆ ಬಳಿಯುತ್ತಿದ್ದ. ಆ ಎಣ್ಣೆಯ ವಾಸನೆ ಬಿಸಿಲಿಗೆ ಕಾದು ಬಂಡಿಯ ಹಲಗೆಗಳ ನಡುವಿನಿಂದ ಮೇಲೇರಿ ಬರುತ್ತಿತ್ತು. ಹಿಂದೆ ಹುಲ್ಲಿನ ಮೇಲೆ ಮಲಗಿದ ನಾನು ಮತ್ತು ಗಂಗಕ್ಕ ಮೂಗು ಮುಚ್ಚಿಕೊಂಡು ನಗುತ್ತಿದ್ದೆವು. ಮನೆಗೆ ಕುಸುಬಿ, ಬಂಡಿಗೆ ಔಡಲ ಏಕೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕುಸುಬಿ ಎಣ್ಣೆ ತುಂಬಿದ ಮೇಲೆ ಪಕ್ಕದ ಮನೆಯವರ ಒಣ ಟೊಂಗೆಯೊಂದನ್ನು ಕೊಯ್ದುಕೊಟ್ಟು ಯಂತ್ರವನ್ನು ಮೂಲೆಯಲ್ಲಿಟ್ಟೆ. ಕೆಲವು ತಿಂಗಳ ಬಳಿಕ ಅವರದೇ ಇನ್ನೊಂದು ಟೊಂಗೆ ಕೊಯ್ದೆ. ಪೆಟ್ರೋಲು ಪೂರಾ ಮುಗಿಯಿತು. ಎಣ್ಣೆ ಮಾತ್ರ ತುಂಬಿದ್ದು ತುಂಬಿದ ಹಾಗೇ ಇತ್ತು. ಪೆಟ್ರೋಲಿನ ಜೊತೆ ಎಣ್ಣೆಯೂ ಸರಿಸುಮಾರು ಇಳಿಯಬೇಕೆಂಬುದು ಅದರ ಧರ್ಮ. ನನಗೆ ಅದು ಹೊಳೆಯಲಿಲ್ಲ, ಬದಲಿಗೆ ಹೆಮ್ಮೆಯಾಯಿತು. "ನೋಡು, ಎಷ್ಟು ಹಿಡಿತದ ಮಷಿನ್ನು, ಒಂದ್ ಹನಿ ದಂಡ ಮಾಡಿಲ್ಲ" ಎಂದು ಗಿರಿಜಾಗೆ ತೋರಿಸಿದೆ. "ನಿಮಗ ತಕ್ಕದ್ದ ಸಿಕ್ಕೇತಿ" ಎಂದಳು.

ಇನ್ನು ಗಂಗಕ್ಕನ ವಿಷಯ. ನನ್ನ ಒಬ್ಬಳೇ ಅಕ್ಕ, ಲಕ್ಷ್ಮೇಶ್ವರದಲ್ಲಿರುತ್ತಾಳೆ. ಭಾವ ಹೋದ ಮೇಲೆ ಅಲ್ಲಿನ ಒಂದು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡಲು ಸುರುಮಾಡಿದವಳು ಮಕ್ಕಳು ದೊಡ್ಡವರಾದರೂ ಬಿಟ್ಟಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದದ್ದು ಅವ್ವನ ಕೊಣಮಿಗೆಯಲ್ಲಿ. ಒಂದೇ ದಿಮ್ಮಿಯಿಂದ ಕೆತ್ತಿದ, ಹರಿವಾಣದಂಥ ಅಗಲ ಮರದ ಪಾತ್ರೆ ಅದು. ಅದರಲ್ಲೇ ಹಿಟ್ಟು ನಾದುವುದು, ಅದರಲ್ಲೇ ರೊಟ್ಟಿ ಬಡಿಯುವುದು. ಕೊರ್ಲಹಳ್ಳಿಯ ಹೊಲದ ಬದುವಿನಲ್ಲಿದ್ದ ಹುಣಸೆಮರದ ದೊಡ್ಡ ಟೊಂಗೆಯೊಂದನ್ನು ಕಡಿಸಿ ಅಪ್ಪ ಮಾಡಿಸಿಕೊಟ್ಟದ್ದು. ಬೆಳಗಿನ ಜಾವ ಅವ್ವ ಅದರ ಮುಂದೆ ಕೂತಳೆಂದರೆ ಮನೆತುಂಬ ತಪತಪ ಸಪ್ಪಳ. ಆ ಸಪ್ಪಳಕ್ಕೇ ನಾವು ಏಳುತ್ತಿದ್ದೆವು, ಆ ಸಪ್ಪಳಕ್ಕೇ ಮತ್ತೆ ಮಗ್ಗಲು ತಿರುಗಿ ಮಲಗುತ್ತಿದ್ದೆವು. ನನಗೆ ಇನ್ನೂ ಮಾತು ಬಾರದ ಕಾಲದಲ್ಲಿ ಗಂಗಕ್ಕ ನನ್ನನ್ನು ಅದೇ ಕೊಣಮಿಗೆಯಲ್ಲಿ ಕೂಡಿಸಿ ತುಂಗಭದ್ರೆಯ ಮೊಣಕಾಲುದ್ದ ನೀರಿನಲ್ಲಿ ಹರಗೋಲು ಮಾಡಿ ತೇಲಿಬಿಟ್ಟಿದ್ದಳಂತೆ. ಅವ್ವ ಬಂದು ಮೊದಲು ನನ್ನನ್ನೋ ಮೊದಲು ಕೊಣಮಿಗೆಯನ್ನೋ ಎತ್ತಿಕೊಂಡದ್ದು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಆ ಕೊಣಮಿಗೆ ಒಂದು ಬೇಸಿಗೆಯಲ್ಲಿ ನಡುವೆ ಸೀಳಿ ಎರಡಾಯಿತು. ಗಂಗಕ್ಕ ಫೋನು ಮಾಡಿದಳು.

"ತಮ್ಮಾ, ಅವ್ವನ ಕೊಣಮಿಗಿ ಹೋತೋ. ಸ್ಟೀಲ್ ಪರಾತದಾಗ ಬಡದು ನೋಡಿದೆ. ರೊಟ್ಟಿ ತಿರಗವಲ್ದು, ಕೈಗೆ ಏನೂ ತಿಳಿಯವಲ್ದು. ಖಾನಾವಳ್ಯಾಂವಗ ಹೇಳಿಬಿಟ್ಟೆ, ಇನ್ನ ಬ್ಯಾರೇದವರ್ನ ನೋಡ್ಕೋಪಾ ಅಂತ."

"ಪ್ಯಾಟ್ಯಾಗ ಒಂದು ಹೊಸಾದು ತಗೊಂಡ್ರಾತು ಬಿಡಕ್ಕಾ."

"ತಂದಿದ್ದೆ. ಕಾಗದಾ ಬಡದಂಗ ಆಗತೈತಿ. ಸಾಕ್ ಬಿಡು, ನನಗೂ ವಯಸ್ಸಾತು."

ಗಂಗಕ್ಕನ ಬಾಯಿಂದ ವಯಸ್ಸಿನ ಮಾತು ಕೇಳಿದ್ದು ಅದೇ ಮೊದಲು. ಮರುದಿನವೇ ಲಕ್ಷ್ಮೇಶ್ವರಕ್ಕೆ ಹೋದೆ. ಸೂರ್ಯನಿಗಿಂತ ಮೊದಲು ಏಳುವವಳು ಹೊತ್ತು ನೆತ್ತಿಗೇರಿದರೂ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಲೆ ತಣ್ಣಗಿತ್ತು. ಕೊಣಮಿಗೆಯ ಎರಡು ಹೋಳುಗಳು ಗೋಡೆಗೆ ಆತುಕೊಂಡಿದ್ದವು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವಳು ರೊಟ್ಟಿ ಬಿಟ್ಟರೆ ಏಳುವುದನ್ನೇ ಬಿಡುತ್ತಾಳೆ ಅನ್ನಿಸಿತು. ಅವ್ವನ ಕೈಯ ಸಪ್ಪಳ ಈ ಭೂಮಿಯ ಮೇಲೆ ಉಳಿದಿದ್ದದ್ದು ಇವಳೊಬ್ಬಳ ಕೈಯಲ್ಲಿ. ಅದನ್ನು ಅವಳಿಗೆ ಹೇಳಲು ಬಾಯಿ ಬರದೆ, ಮಜ್ಜಿಗೆ ಕುಡಿದು ತಿರುಗಿ ಬಂದೆ.

ಆ ವಾರವೇ ದೊಡ್ಡ ಗಾಳಿ ಬೀಸಿ ಕೊರ್ಲಹಳ್ಳಿಯ ಆ ಹುಣಸೆಮರ ಬಿತ್ತು. ಹೊಲ ಈಗ ಚಿಕ್ಕಪ್ಪನ ಮಗ ಫಕ್ಕೀರಪ್ಪನ ಪಾಲಿನದು. ಅವನು ಇಡೀ ಮರವನ್ನು ಇಟ್ಟಂಗಿ ಭಟ್ಟಿಯವರಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಕೊಣಮಿಗೆಗೆ ಒಂದು ತುಂಡು ಬೇಕೆಂದು ಫೋನಿನಲ್ಲಿ ಕೇಳಿದೆ.

"ತಗೋರಿ ಅಣ್ಣಾರ, ಬ್ಯಾಡ ಅಂತೀನೇನು. ಆದ್ರ ನಾಳಿ ಸಂಜಿಗೆ ಅವರ ಟ್ರ್ಯಾಕ್ಟರ್ ಬರತೈತಿ. ಅದು ಬರೂದ್ರಾಗ ನೀವ ಕೊಯ್ಕೊಂಡು ಬದಿಗಿಟ್ಟಿರಬೇಕು. ಬಂದಮ್ಯಾಲ ಇದು ನಮ್ಮ ಗಂಗಕ್ಕನ ತುಂಡು, ಬಿಡ್ರಿ ಅನ್ನಾಕ ನನಗ ಬಾಯಿಲ್ಲ."

"ನನ್ನ ಹತ್ರ ಮಷಿನ್ನ ಐತಲ್ಲೋ" ಎಂದೆ ನಾನು. ಕೊನೆಗೂ ನನ್ನ ಯಂತ್ರಕ್ಕೆ ನುಗ್ಗೆಗಿಂತ ದೊಡ್ಡ ಕೆಲಸ ಬಂದಿತ್ತು.

ಮರುದಿನ ಯಂತ್ರ ಹೊತ್ತು ಕೊರ್ಲಹಳ್ಳಿಗೆ ಹೋದೆ, ಸುದ್ದಿ ತಿಳಿದ ಗಂಗಕ್ಕನೂ ಬಸ್ಸು ಹಿಡಿದು ಬಂದಳು. "ಮರ ನೋಡಾಕ ಬಂದೀನಿ, ಕೊಣಮಿಗಿ ಸಲುವಾಗಿ ಅಲ್ಲ" ಎಂದು ಮೊದಲೇ ಹೇಳಿದಳು. ಹಾಗೆಂದವಳ ಚೀಲದಲ್ಲಿ ಹಳೆಯ ಕೊಣಮಿಗೆಯ ಒಂದು ಹೋಳು ಅಳತೆಗೆಂದು ಬಂದಿತ್ತು. ಮರದ ಒಳಭಾಗ ಬಹುತೇಕ ಪೊಳ್ಳಾಗಿತ್ತು. ಬುಡದ ಸಮೀಪ ಒಂದೇ ಒಂದು ಕಡೆ ಗಟ್ಟಿಯಾಗಿ, ಬೇಕಾದಷ್ಟು ದಪ್ಪವಾಗಿ ಉಳಿದಿತ್ತು. ಗಂಗಕ್ಕ ಹೋಳನ್ನು ಅದರ ಮೇಲಿಟ್ಟು ಅಳೆದು, ಸುಣ್ಣದ ಕಲ್ಲಿನಿಂದ ಗೆರೆ ಎಳೆದಳು.

ನಾನು ಗಂಭೀರನಾಗಿ ಹಗ್ಗ ಎಳೆದು ಯಂತ್ರ ಸುರುಮಾಡಿದೆ. ಎರಡು ಬೆರಳು ಆಳ ಇಳಿದಿತ್ತೋ ಇಲ್ಲವೋ, ಗೆರೆಯಿಂದ ನೀಲಿ ಹೊಗೆ ಎದ್ದಿತು.

ಫಕ್ಕೀರಪ್ಪ ತಂಬಾಕು ತಿಕ್ಕುತ್ತ, "ಅಣ್ಣಾರ, ಮರ ಕೊಯ್ಯಾಕತ್ತೀರೋ ಸುಡಾಕತ್ತೀರೋ? ಸುಡೂದಿದ್ರ ಭಟ್ಟ್ಯಾಗ ಸುಡ್ತಾರ" ಎಂದ.

ಹುಣಸೆ ಕಬ್ಬಿಣದಂಥ ಮರ ಎಂದು ಸಮಜಾಯಿಷಿ ಕೊಟ್ಟೆ. ಯಂತ್ರ ಬಂದುಮಾಡಿ ಹಲ್ಲುಗಳಿಗೆ ಕಾನಸು ಹಿಡಿದು ಚೂಪು ಮಾಡಿದೆ. ಮತ್ತೆ ಹೊಗೆ. ಸರಪಳಿ ಬಿಗಿಯಾಗಿದೆಯೆಂದು ಸಡಿಲಿಸಿದೆ. ಮತ್ತೂ ಹೊಗೆ. ಎಣ್ಣೆಯ ಮುಚ್ಚಳ ತೆಗೆದು ಇಣುಕಿದರೆ ಹೊಟ್ಟೆ ತುಂಬಿತ್ತು. ಎಣ್ಣೆ ಇದ್ದಮೇಲೆ ಎಣ್ಣೆಯ ತಪ್ಪಿರಲಾರದು ಎಂಬ ನನ್ನ ತರ್ಕ ಭದ್ರವಾಗಿತ್ತು. ಆದರೂ ಎಣ್ಣೆ ಹೆಚ್ಚು ಬಿಡುವ ತಿರುಪು ಕೊನೆಯವರೆಗೆ ತಿರುವಿದೆ. ಯಂತ್ರ ಎಣ್ಣೆ ಉಗುಳುತ್ತಿದೆಯೋ ಇಲ್ಲವೋ ತಿಳಿಯಲು ಅಂಗಡಿಯವನು ಒಂದು ಪರೀಕ್ಷೆ ಹೇಳಿಕೊಟ್ಟಿದ್ದ. ಪಟ್ಟಿಯ ತುದಿಯನ್ನು ಬಿಳಿಯದೇನಾದರೊಂದರ ಎದುರಿಗೆ, ತಾಗದ ಹಾಗೆ ಹಿಡಿದು ಜೋರಾಗಿ ಓಡಿಸಬೇಕು. ಎಣ್ಣೆ ಬರುತ್ತಿದ್ದರೆ ಅದರ ಮೇಲೆ ಗೆರೆ ಮೂಡುತ್ತದೆ. ಸುತ್ತ ನೋಡಿದೆ. ಫಕ್ಕೀರಪ್ಪ ಎದ್ದು ನಿಂತು, "ನನ್ನ ಧೋತರದ ಕಡೆ ನೋಡಬ್ಯಾಡ್ರಿ" ಎಂದ. ಗಂಗಕ್ಕ ರೊಟ್ಟಿ ಕಟ್ಟಿಕೊಂಡು ಬಂದ ಹಳೆಯ ಪೇಪರು ಬಿಚ್ಚಿಕೊಟ್ಟಳು. ದಿಮ್ಮಿಯ ಮೇಲೆ ಹಾಸಿ ಓಡಿಸಿದೆ. ಪೇಪರಿನಲ್ಲಿ ಅಚ್ಚಾದ ಸುದ್ದಿಯಷ್ಟೇ ಇತ್ತು, ಎಣ್ಣೆಯ ಸುಳಿವಿಲ್ಲ.

ಯಂತ್ರ ಆರಿದ ಮೇಲೆ ಪಟ್ಟಿಯ ಬುಡದ ಪಕ್ಕದ ಮುಚ್ಚಳ ಬಿಚ್ಚಿದೆ. ಪಟ್ಟಿಯ ಅಂಚಿನ ಸಂದಿಯಲ್ಲಿ ಮರದ ಹೊಟ್ಟು ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ಸಿಕ್ಕಿದ ಖುಷಿಯಲ್ಲಿ ಚಾಕುವಿನಿಂದ ಕೆರೆದು ತೆಗೆದೆ. ಎಣ್ಣೆ ಬರುವ ಸಣ್ಣ ತೂತನ್ನು ಗಂಗಕ್ಕನ ತಲೆಯ ಪಿನ್ನಿನಿಂದ ಚುಚ್ಚಿ ಬಿಡಿಸಿದೆ. ಎಲ್ಲ ಜೋಡಿಸಿ ಪೇಪರಿನ ಮುಂದೆ ಓಡಿಸಿದೆ. ಅದು ಆಗಲೂ ಒಣಗಿದ್ದು ಒಣಗಿದ ಹಾಗೇ ಇತ್ತು. ಹೊತ್ತು ಇಳಿಯುತ್ತಿತ್ತು. ಫಕ್ಕೀರಪ್ಪನ ಫೋನು ರಿಂಗಾಯಿತು. ಮಾತಾಡಿ ಮುಗಿಸಿ, ನನ್ನ ಮುಖ ನೋಡದೆ, "ಭಟ್ಟಿಯವ್ರು ಮುಂಡರಗಿ ಬಿಟ್ಟಾರಂತ" ಎಂದ.

ಗಂಗಕ್ಕ ಸೆರಗು ಝಾಡಿಸಿಕೊಂಡು ಎದ್ದಳು. "ಸಾಕ್ ಬಿಡೋ. ಅದಕ್ಕೂ ಮನಸಿಲ್ಲ. ಇಲ್ಲೀಮಟ ಬಂದೆ, ಮರಾ ನೋಡಿದೆ, ಆತು." ಹೋಳನ್ನು ಚೀಲದಲ್ಲಿ ಹಾಕಿಕೊಂಡಳು. ಹೊರಸಿನ ಮೇಲೆ ಗೋಡೆ ನೋಡುತ್ತ ಮಲಗಿದ್ದಳಲ್ಲ, ಅದೇ ದನಿ. ಏನು ಮಾಡಲೂ ತೋಚದೆ ದಿಮ್ಮಿಯ ಮೇಲೆ ಕೂತು, ಎಣ್ಣೆಯ ಮುಚ್ಚಳ ಮತ್ತೊಮ್ಮೆ ತೆಗೆದು, ಸುಮ್ಮನೆ ಒಳಗೆ ಬೆರಳು ಹಾಕಿದೆ.

ಬೆರಳು ಅಂಟಿಕೊಂಡಿತು. ಹೊರಗೆಳೆದರೆ ಹಳದಿ ಎಳೆ ಉದ್ದಕ್ಕೆ ಬಂತು. ಹೆಬ್ಬೆರಳಿನಿಂದ ತಿಕ್ಕಿದೆ, ಗೋಲಿಯಾಯಿತು. ಆ ಗೋಲಿ ನನಗೆ ಗೊತ್ತಿತ್ತು. ಎಲ್ಲಿಯದೆಂದು ನೆನಪಾದದ್ದೇ ತಡ, "ಅಕ್ಕಾ, ಎಣ್ಣಿಗಿಂಡಿ" ಎಂದೆ.

"ಯಾವ ಗಿಂಡಿ?"

"ಅವ್ವ ಬೂದಿ ಹಾಕಿ ತಿಕ್ಕತಿದ್ಲಲ್ಲ, ಹಳದಿ ಪೊರಿ. ಇದರ ಹೊಟ್ಟ್ಯಾಗ ಅದ ಕಟ್ಟೇತಿ."

ಗಂಗಕ್ಕ ಹತ್ತಿರ ಬಂದು ಬೆರಳು ಹಿಡಿದು ಮೂಸಿದಳು. "ಲೇ, ಇದಕ್ಕ ಕುಸುಬಿ ಎಣ್ಣಿ ಹಾಕೀಯೇನು?" ಎಂದವಳು ಬಾಯಿಗೆ ಸೆರಗು ಒತ್ತಿ ನಗತೊಡಗಿದಳು. ಕೊಣಮಿಗೆ ಸೀಳಿದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ತೈಲವರ್ಣದ ಪಾಠ ಮಾಡುವಾಗ ಕೆಲವು ಎಣ್ಣೆಗಳು ಗಾಳಿಗೆ ಒಣಗಿ ಪೊರೆಯಾಗುತ್ತವೆ, ಅದಕ್ಕೇ ಬಣ್ಣ ನಿಲ್ಲುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೆನೋ ಲೆಕ್ಕವಿಲ್ಲ. ಮನೆಗೆ ಬರುವಾಗ ಆ ವಿದ್ಯೆಯನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಬರುತ್ತಿದ್ದೆ ಎಂದು ತೋರುತ್ತದೆ.

ಎಣ್ಣೆಯ ಟಾಕಿಯ ಬಾಯಿ ಕೆಳಗಾಗುವಂತೆ ಯಂತ್ರ ಬೋರಲು ಹಾಕಿದೆವು. ಎಣ್ಣೆ ಕಾಕಂಬಿಯ ಹಾಗೆ ನಿಧಾನವಾಗಿ ಬಿತ್ತು. ತಂತಿಯ ಕೊಕ್ಕೆಯಿಂದ ಒಳಗಿನ ನಳಿಗೆಯನ್ನು ಎಳೆದರೆ ತುದಿಯ ಸಣ್ಣ ಜಾಳಿಗೆ ಹಳದಿ ಅಂಟಿನಲ್ಲಿ ಹೂತುಹೋಗಿತ್ತು. ಫಕ್ಕೀರಪ್ಪ ಪಂಪಿನ ಡೀಸೆಲ್ ತಂದ. ಜಾಳಿಗೆ ತೊಳೆದು, ಟಾಕಿಯಲ್ಲಿ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ನಳಿಗೆ ಊದಿದೆವು. ಊದಿದ್ದು ಫಕ್ಕೀರಪ್ಪ, ಅವನ ದಮ್ಮು ದೊಡ್ಡದು. ಒಳಗಿನ ಗಸಿ ಹಾರಿ ಅವನದೇ ಮೀಸೆಗೆ ಕೂತಿತು. ಈಗ ಹೊಸ ಎಣ್ಣೆ ಬೇಕಲ್ಲ.

"ಮನ್ಯಾಗ ಗಾಣದ್ದು ಐತಿ, ತರ್ಲೇನು?" ಎಂದ ಮೀಸೆ ಒರೆಸುತ್ತ.

"ಯಾವ ಗಾಣದ್ದು?"

"ಕುಸುಬೀದು."

ನಾನೂ ಗಂಗಕ್ಕನೂ ಒಟ್ಟಿಗೇ ಬೇಡವೆಂದೆವು. ಗಂಗಕ್ಕ, "ಅಪ್ಪ ಗಾಲಿಗೆ ಏನ್ ಹಾಕತಿದ್ದ?" ಎಂದು ಕೇಳಿದಳು. ಕೇಳುತ್ತಲೇ ಚೀಲಕ್ಕೆ ಕೈ ಹಾಕಿದ್ದಳು. ಮೊಣಕಾಲು ನೋವಿಗೆ ತಿಕ್ಕಿಕೊಳ್ಳುವ ಔಡಲ ಎಣ್ಣೆಯ ಬಾಟಲಿ ಅವಳು ಹೋದಲ್ಲೆಲ್ಲ ಜೊತೆಗಿರುತ್ತದೆ. ಅದು ಒಣಗಿ ಪೊರೆ ಕಟ್ಟುವ ಜಾತಿಯಲ್ಲ, ಮೇಲಾಗಿ ಬಿಸಿಲಿಗೆ ಕಾದು ತೆಳ್ಳಗಾಗಿತ್ತು. ಪೂರಾ ಸುರಿದುಬಿಟ್ಟಳು. "ಕಾಲಿಗೆ?" ಎಂದೆ. "ಕಾಲು ಎಲ್ಲಿ ಹೊಂಟಾವು, ಸುರು ಮಾಡು" ಎಂದಳು.

ಪೇಪರು ಮತ್ತೆ ಹಾಸಿದೆವು. ಮೊದಲು ಏನೂ ಕಾಣಲಿಲ್ಲ. ಯಂತ್ರ ಕೂಗುತ್ತಲೇ ಇತ್ತು, ಮೂವರೂ ಬಗ್ಗಿ ನೋಡುತ್ತಿದ್ದೆವು. ಆಮೇಲೆ ಸುದ್ದಿಗಳ ನಡುವೆ ಅಡ್ಡಕ್ಕೆ ಒಂದು ತೆಳ್ಳನೆಯ ಎಣ್ಣೆಗೆರೆ ಮೂಡಿತು. ಗೆರೆ ಎಳೆಯುವುದನ್ನು ಕಲಿಸಿಯೇ ಬದುಕಿದವನು ನಾನು. ಅಷ್ಟು ಚೆಂದದ ಗೆರೆ ನನ್ನ ಕೈಯಿಂದಾಗಲಿ ನನ್ನ ವಿದ್ಯಾರ್ಥಿಗಳ ಕೈಯಿಂದಾಗಲಿ ಬಂದದ್ದಿಲ್ಲ.

ಸರಪಳಿ ಈಗ ಹುಣಸೆಯೊಳಗೆ ತಕರಾರಿಲ್ಲದೆ ಇಳಿಯಿತು. ಹೊಗೆ ನಿಂತು, ಹೊಟ್ಟು ದಪ್ಪದಪ್ಪನಾಗಿ ಹಾರಿತು. ಕಾದ ಔಡಲ ಎಣ್ಣೆಯ ವಾಸನೆ ಮೆಲ್ಲಗೆ ಏರಿ ಬಂತು. ಗಂಗಕ್ಕ ಮೂಗಿಗೆ ಸೆರಗು ಹಿಡಿಯಲು ಹೋದವಳು ಹಿಡಿಯದೆ, "ಅಪ್ಪನ ಬಂಡಿ ವಾಸನಿ" ಎಂದಳು. ಯಂತ್ರದ ಸಪ್ಪಳದಲ್ಲಿ ದನಿ ಕೇಳಿಸಲಿಲ್ಲ, ತುಟಿ ನೋಡಿ ತಿಳಿಯಿತು. ನನಗೂ ಅದೇ ಅನ್ನಿಸುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಹೊಟ್ಟು ಹಾರಿದ್ದಕ್ಕೆ ಎಂದು ಆಮೇಲೆ ಫಕ್ಕೀರಪ್ಪನಿಗೆ ಹೇಳಿದೆ. ಎರಡನೆಯ ಗೆರೆಯೂ ಮುಗಿದು ತುಂಡು ಬೇರೆಯಾಯಿತು. ಮೂವರೂ ಸೇರಿ ಅದನ್ನು ಬದುವಿನಾಚೆ ಉರುಳಿಸಿದೆವು. ಭಟ್ಟಿಯವರ ಟ್ರ್ಯಾಕ್ಟರು ಅಷ್ಟರಲ್ಲಿ ಹೊಲದ ದಾರಿಗೆ ತಿರುಗಿತ್ತು.

ಶಿರಹಟ್ಟಿಯಲ್ಲಿ ಗಂಗಕ್ಕನಿಗೆ ಗುರುತಿನ ಬಡಿಗರೊಬ್ಬರಿದ್ದರು. ಅವರು ಹಸಿ ಇರುವಾಗಲೇ ಕೆತ್ತಿ, ಸೀಳದಿರಲೆಂದು ಜೋಳದ ಹೊಟ್ಟಿನಲ್ಲಿ ಹುಗಿದಿಟ್ಟರು. ಮಳೆಗಾಲವೆಲ್ಲ ಅದು ಅಲ್ಲೇ ಮಲಗಿತ್ತು. ದಸರೆಯ ಹೊತ್ತಿಗೆ ಲಕ್ಷ್ಮೇಶ್ವರಕ್ಕೆ ಬಂತು. ನಾನು ನೋಡಲು ಹೋದಾಗ ಗಂಗಕ್ಕ ಅಂಗಳದ ನೆರಳಿನಲ್ಲಿ ಕೂತು ಅದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುವುದು, ಗಾಳಿಗಿಡುವುದು, ಒಣಗಿದ ಮೇಲೆ ಮತ್ತೆ ತಿಕ್ಕುವುದು. ಮರದ ಮೈಮೇಲೆ ತೆಳುವಾದ, ನೀರು ಹಿಡಿಯದ ಪೊರೆ ಕಟ್ಟುತ್ತ ಬಂದಿತ್ತು.

"ಯಾವ ಎಣ್ಣಿ ಅಕ್ಕಾ?" ಎಂದೆ, ಗೊತ್ತಿದ್ದೂ.

"ಕುಸುಬೀದು. ಅವ್ವ ಇದನ್ನ ಹಚ್ಚತಿದ್ಲು. ಅಂಟು ಬೇಕಾದಲ್ಲಿ ಹಚ್ಚಬೇಕು ಮಾಸ್ತರ." ನನ್ನನ್ನು ಮಾಸ್ತರ ಎಂದು ಅವಳು ಕರೆಯುವುದು ಚುಡಾಯಿಸುವಾಗ ಮಾತ್ರ.

ಖಾನಾವಳಿಯ ಮಾತು ನಾನು ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. "ನಾಳಿ ಮನೀ ಪೂರ್ತೆ ಒಂದೆರಡು ಬಡದು ನೋಡ್ತೀನಿ. ಬರ್ಲಿಲ್ಲಂದ್ರ ಅಟ್ಟದ ಮ್ಯಾಲ ಇಟ್ಟುಬಿಡ್ತೀನಿ" ಎಂದಷ್ಟೇ ಅಂದಳು. ಆ ರಾತ್ರಿ ಅಲ್ಲೇ ಉಳಿದೆ.

ಬೆಳಗಿನ ಜಾವ ಅರೆನಿದ್ದೆಯಲ್ಲಿ ತಪತಪ ಎಂಬ ಸಪ್ಪಳ ಕಿವಿಗೆ ಬಿತ್ತು. ಮೊದಲು ತಡೆತಡೆದು, ಆಮೇಲೆ ಒಂದೇ ಸಮನೆ, ನಡುನಡುವೆ ರೊಟ್ಟಿ ತಿರುಗಿಸುವಾಗಿನ ಸಣ್ಣ ಬಿಡುವು ಬಿಟ್ಟು. ಹೊಗೆಯ ವಾಸನೆ, ಬೇಯುವ ರೊಟ್ಟಿಯ ವಾಸನೆ. ನಾನು ಮಗ್ಗಲು ತಿರುಗಿದೆ. ಯಾವ ಊರಲ್ಲಿದ್ದೇನೆ, ನನ್ನ ವಯಸ್ಸೆಷ್ಟು ಎಂಬುದೊಂದೂ ಆ ಗಳಿಗೆಯಲ್ಲಿ ನನ್ನ ಹತ್ತಿರ ಇರಲಿಲ್ಲ. "ಅವ್ವಾ" ಎಂದು ಕರೆದುಬಿಟ್ಟೆ.

ಸಪ್ಪಳ ನಿಂತಿತು. ನನಗೆ ಪೂರಾ ಎಚ್ಚರವಾಗಿ, ನಾಚಿಕೆಯಾಗಿ, ಹೊದಿಕೆ ಮುಖದ ಮೇಲೆ ಎಳೆದುಕೊಂಡೆ.

ಒಳಗಿನಿಂದ ಗಂಗಕ್ಕ, ಅದೇನೂ ವಿಶೇಷವಲ್ಲವೆಂಬಂತೆ, "ಎದ್ದೇನು? ಮಾರಿ ತೊಳ್ಕೊಂಡು ಬಾ, ಬಿಸಿ ಐತಿ" ಎಂದಳು. ಮತ್ತೆ ಅಲ್ಲಿಂದಲೇ, "ಹೋಗೂಮುಂದ ಖಾನಾವಳ್ಯಾಂವಗ ಹೇಳಿಹೋಗು, ನಾಳಿಂದ ಹಿಟ್ಟು ಕಳಸು ಅಂತ" ಎಂದಳು.

ಸಪ್ಪಳ ಮತ್ತೆ ಸುರುವಾಯಿತು.